ನಾಚಿಕೆಮುಳ್ಳಿನ ಸೇಡು

ಗೇಟು ತೆಗೆದ ಶ್ರೀಗೌರಿ ಅಲ್ಲೇ ನಿಂತುಬಿಟ್ಟಳು.

ಮನೆಯೆದುರು, ಫುಟ್‌ಪಾತಿಗೂ ಟಾರು ರಸ್ತೆಗೂ ನಡುವಿನ ಮಣ್ಣಿನ ಪಟ್ಟಿಯಲ್ಲಿ, ಯಾರೋ ಒಬ್ಬ ಪಿಕಾಸಿ ಹಿಡಿದು ನಿಂತಿದ್ದ. ಅವನ ಕಾಲಬುಡದಲ್ಲಿ ಅವಳ ಡೇರೆ ಹೂವಿನ ಗಡ್ಡೆಗಳು ಹೋಳುಹೋಳಾಗಿ ಬಿದ್ದಿದ್ದವು.

ಬೇಸಿಗೆಯಲ್ಲಿ ಗಿಡ ಒಣಗಿದರೂ ಗಡ್ಡೆ ಮಣ್ಣೊಳಗೆ ಜೀವ ಹಿಡಿದುಕೊಂಡಿರುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ. ಮಲೆನಾಡಿನ ಸಾಗರದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಒಬ್ಬರ ಮನೆಯ ಡೇರೆ ನೋಡಲೆಂದೇ ಇನ್ನೊಬ್ಬರು ಕೊಡೆ ಹಿಡಿದು ಹೋಗುವ ಊರಿದು. ತೀರ್ಥಹಳ್ಳಿಯ ಸೋದರತ್ತೆಯನ್ನು ವರ್ಷಗಟ್ಟಲೆ ಕಾಡಿ ತಂದ ಕಡುಗೆಂಪು ಡೇರೆ ಅದು...

"ಯಾರನ್ನ ಕೇಳಿ ಅಗೆದ್ರಿ?" ಎಂದು ಅವನೆದುರು ಹೋಗಿ ನಿಂತಳು.

ತನ್ನ ಹೆಸರು ನಿರಂಜನ, ಆನಂದಪುರದಲ್ಲಿ ನರ್ಸರಿ ಇದೆ, ಬಡಾವಣೆಯ ಸಂಘದವರು ಬೀದಿಯುದ್ದಕ್ಕೂ ಹುಲ್ಲು ಹಾಸಿ ನೋಡಿಕೊಳ್ಳಲು ಹೇಳಿದ್ದಾರೆ ಎಂದ ಅವನು. ಒಣಕಡ್ಡಿ ಕಂಡು ಖಾಲಿ ಜಾಗವೆಂದುಕೊಂಡನಂತೆ.

"ನರ್ಸರಿ ಇಟ್ಟವರಿಗೆ ಡೇರೆ ಕಡ್ಡಿ ಗುರುತು ಸಿಗಲ್ವಾ?"

ಅವನು ತಬ್ಬಿಬ್ಬಾದ. ಹೋಳೊಂದನ್ನು ಎತ್ತಿ ಹಿಡಿದು, "ಪಲ್ಯಕ್ಕಾದ್ರೂ ಆಗುತ್ತೇನೋ..." ಎಂದು ನಕ್ಕ.

ಆ ನಗು ಅವಳ ಎದೆಗೆ ನಾಟಿತು. ನಗ್ತೀಯಾ? ನಗು. ನಿನ್ನ ಹುಲ್ಲು ಹೇಗೆ ಬೆಳೆಯುತ್ತೋ ನೋಡ್ತೀನಿ.

"ಹೋಗ್ಲಿ ಬಿಡೆ ಕೂಸೆ, ಬೇರೆ ಗಡ್ಡೆ ಬೇಕಾದಷ್ಟು ಸಿಗ್ತು" ಎಂದು ಅಮ್ಮ ವಾಗ್ದೇವಿ ಸಮಾಧಾನ ಹೇಳಿದರು. ಶ್ರೀಗೌರಿ ಬಿಡಲಿಲ್ಲ.

ಬಡಾವಣೆಯ ಮೈದಾನದ ಬೇಲಿಯ ಬುಡದಲ್ಲಿ ಒಣಗಿದ ನಾಚಿಕೆಮುಳ್ಳು ರಾಶಿ ಇತ್ತು. ಅದರ ಬೀಜ ಉದುರಿಸಿಕೊಂಡು ಬಂದಳು. ಬೇಗ ಮೊಳೆಯಲೆಂದು ಬಿಸಿನೀರಲ್ಲಿ ನೆನೆಸಿದಳು. ಬಿಎಸ್ಸಿ ಓದಿದ್ದು ಹೀಗೂ ಉಪಯೋಗಕ್ಕೆ ಬಂತು. ಒಂದು ಸಂಜೆ, ಎದುರುಮನೆಯ ದೀಪ, ಪಕ್ಕದ ಮನೆಯ ಮಹಡಿ ಎಲ್ಲವನ್ನೂ ನೋಡಿ, ಮತ್ತೆ ನೋಡಿ, ಅವನು ಹೊಸ ಮಣ್ಣು ಸುರಿದು ಹಾಸಿದ ಎಳೆಹುಲ್ಲಿನ ಮೇಲೆ ಬೀಜ ಎರಚಿ ಒಳಗೆ ಓಡಿದಳು.

ಮಳೆ ಹಿಡಿಯಿತು. ಹುಲ್ಲಿಗಿಂತ ಮೊದಲು ಮುಳ್ಳು ಹಬ್ಬಿತು. ಸ್ಕೂಟರಿನಿಂದ ಇಳಿದವರ ಕಾಲಿಗೆ ಚುಚ್ಚಿತು, ಅವನು ತಂದ ಮಣ್ಣಿನದೇ ತಪ್ಪೆಂದು ಬೀದಿಯವರೆಲ್ಲ ನಿರಂಜನನನ್ನು ಬೈಯತೊಡಗಿದರು. ಅವನು ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕೀಳುತ್ತಿದ್ದ. ಶ್ರೀಗೌರಿ ಕಿಟಕಿಯ ಬಳಿ ಕಾಫಿ ಹಿಡಿದು ನಿಂತು ನೋಡುತ್ತಿದ್ದಳು. ಅಷ್ಟು ರುಚಿಯಾದ ಕಾಫಿ ಅವಳು ಕುಡಿದೇ ಇರಲಿಲ್ಲ!

ಒಂದು ದಿನ ಅವನ ಅವಸ್ಥೆಯನ್ನು ಹತ್ತಿರದಿಂದಲೇ ನೋಡೋಣವೆಂದು ಹೊರಗೆ ಬಂದಳು. ತುಂಬಾ ಮುಳ್ಳಾ ಎಂದು ಮರುಕದ ದನಿಯಲ್ಲಿ ವಿಚಾರಿಸಿದಳು.

ಅವನು ತಲೆಯೆತ್ತಿದ. "ಇದೇ ಮಣ್ಣು ಹಿಂದಿನ ಬೀದಿಗೂ ಹಾಕಿದ್ದೆ. ಅಲ್ಲಿ ಒಂದೂ ಹುಟ್ಟಿಲ್ಲ. ಇಲ್ಲಿ ನಿಮ್ಮ ಗೇಟಿನ ಎದುರೇ ಜಾಸ್ತಿ."

ಅವನ ಬೆರಳ ತುಂಬ ಗೀರು, ರಕ್ತ. ಆದರೆ ಕಣ್ಣಲ್ಲಿ ಸಿಟ್ಟೇ ಇರಲಿಲ್ಲ.

ಇವನಿಗೆ ಗೊತ್ತಾಗಿದೆ... ಎಲ್ಲರಿಗೂ ಹೇಳಿಬಿಡ್ತಾನೆ. ಅಂದಿನಿಂದ ಕಾಫಿ ಗಂಟಲಿಗಿಳಿಯಲಿಲ್ಲ. ಕಿಟಕಿಯನ್ನು ಮಾತ್ರ ಬಿಡಲಾಗಲಿಲ್ಲ. ಅವನು ಬರುವುದು ತುಸು ತಡವಾದರೂ ಕಣ್ಣು ರಸ್ತೆಯ ತಿರುವಿಗೆ ಹೋಗುತ್ತಿತ್ತು. ಹೆದರಿಕೆಯಿಂದ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಸಂಘದ ಅಧ್ಯಕ್ಷ ಸುಬ್ಬಪ್ಪನವರ ಜಗಲಿಯಲ್ಲಿ ಸಭೆ ಸೇರಿತು. ನಿರಂಜನನನ್ನು ಬಿಡಿಸಿ ಕೆಲಸ ಬೇರೆಯವರಿಗೆ ಕೊಡುವುದೆಂದು ಆಗಲೇ ಮಾತಾಗಿತ್ತು. ಇಲ್ಲಿ ಬಿಡಿಸಿದರೆ ಊರಿನ ಉಳಿದ ಬಡಾವಣೆಯವರೂ ಅವನನ್ನು ಕರೆಯುವುದಿಲ್ಲ, ನರ್ಸರಿ ಮುಚ್ಚುವುದೇ ಸೈ.

"ಎಲ್ಲಿಂದ ತಂದು ಸುರಿದ್ಯೋ ಮಾರಾಯ ಈ ಮಣ್ಣು? ಸ್ಮಶಾನದಿಂದಲಾ?" ಸುಬ್ಬಪ್ಪ ಕುಟುಕಿದರು. ನಾಲ್ಕು ಜನ ನಕ್ಕರು.

ನಿರಂಜನ ತಲೆ ತಗ್ಗಿಸಿದ. ಮೂಲೆಯಲ್ಲಿ ಅಮ್ಮನ ಜೊತೆ ಕೂತಿದ್ದ ಶ್ರೀಗೌರಿಯತ್ತ ನೋಡಲೂ ಇಲ್ಲ.

ಹೇಳೋ... ನನ್ನ ಹೆಸರು ಹೇಳೋ! ಅವನು ಹೇಳಲಿಲ್ಲ. ಅವಳು ಬಯಸಿದ ಸೇಡು ಈಗ ಅವಳ ಕಣ್ಣೆದುರೇ ತೀರುತ್ತಿತ್ತು. ಅದನ್ನು ನೋಡಲು ಅವಳಿಂದಾಗಲಿಲ್ಲ.

"ಮಣ್ಣಲ್ಲಿ ತಪ್ಪಿಲ್ಲ" ಎಂದು ಎದ್ದು ನಿಂತಳು. "ಬೀಜ ಎರಚಿದ್ದು ನಾನು."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಓದಿದ ಹುಡುಗಿ ಮಾಡೋ ಕೆಲಸವಾ ಇದು ಎಂದು ಸುಬ್ಬಪ್ಪ ಬಹಳ ಹೊತ್ತು ಬೈದರು. ಅವಳು ನಿಂತೇ ಕೇಳಿಸಿಕೊಂಡಳು. ಕೆಲಸ ನಿರಂಜನನಿಗೇ ಉಳಿಯಿತು.

ಸಭೆ ಮುಗಿದ ಮೇಲೆ ಅವಳ ಮನೆಯ ಗೇಟಿನ ಬಳಿ ಅವನು ಬಂದು ನಿಂತ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಶ್ರೀಗೌರಿ ಕೇಳಿದಳು.

"ಹೇಳಿದ್ರೆ ನೀವು ಕಿಟಕಿ ಹತ್ರ ಬರ್ತಿರ್ಲಿಲ್ಲ."

"ನಾನು ಶಾಪ ಹಾಕ್ತಾ ನಿಂತಿರ್ತಿದ್ದೆ."

"ನನ್ನನ್ನೇ ನೋಡ್ತಾ ಹಾಕ್ತಿದ್ರಲ್ಲ, ಸಾಕಿತ್ತು." ಆಮೇಲೆ ಅವನ ದನಿ ತಗ್ಗಿತು. "ಅವತ್ತು ನಕ್ಕಿದ್ದು ಗಾಬರಿಗೆ. ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು, ಏನು ಹೇಳ್ಬೇಕೋ ತಿಳಿಲಿಲ್ಲ. ತಪ್ಪಾಯ್ತು."

ಇದೊಂದು ಮಾತು ಅವತ್ತೇ ಆಡಿದ್ದರೆ... ಆದರೂ ಸಿಟ್ಟನ್ನು ಕೈಬಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಅಷ್ಟಕ್ಕೇ ಬಿಡಲ್ಲ ನಾನು. ಈ ಮುಳ್ಳು ಒಂದೂ ಉಳಿಯದ ಹಾಗೆ ಕೀಳೋವರೆಗೆ ನೀವು ದಿನಾ ಬರ್ಬೇಕು."

"ನಾಚಿಕೆಮುಳ್ಳು ಹಂಗೆಲ್ಲ ಪೂರ್ತಿ ಹೋಗಲ್ಲ ರೀ. ಕೀಳ್ತಾ ಕೂತ್ರೆ ಜೀವಮಾನ ಸಾಲಲ್ಲ."

"ಗೊತ್ತಿದ್ದೇ ಹೇಳ್ತಿದ್ದೀನಿ" ಎಂದಳು ಶ್ರೀಗೌರಿ.