ಕೋಚ್ ಟ್ರೆವರ್ ಆಡಿದ ಒಂಬತ್ತು ಊರು

"ಷ್! ನೇತ್ರಾ ಬಂದ್ಲು" ಎಂದಳು ಮಮ್ಮಿ.

ಅಡುಗೆಮನೆಯಲ್ಲಿ ಮಾತು ಗಕ್ಕನೆ ನಿಂತಿತು. ಅಪ್ಪ ಫ್ರಿಜ್ ಬಾಗಿಲು ತೆರೆದು ಒಳಗೆ ಇಣುಕತೊಡಗಿದ. ನೀರಿನ ಬಾಟಲಿ, ಮೊಸರಿನ ಡಬ್ಬಿ, ಅರ್ಧ ಕುಂಬಳಕಾಯಿ ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಏನ್ ಮಾತಾಡಾಕತ್ತಿದ್ರಿ?" ನೇತ್ರಾ ಕೇಳಿದಳು.

"ಏನಿಲ್ಲವಾ. ನೀ ಶೂ ಹಾಕ್ಕೊ. ಫಂಕ್ಷನ್‌ಗೆ ಲೇಟ್ ಆಗ್ತೈತಿ."

ಒಂದು ವಾರದಿಂದ ಇದೇ ಆಟ. ಫೋನ್ ಬಂದರೆ ಅಪ್ಪ ಹೊರಗೆ ಹೋಗಿ ಕಾರಿನಲ್ಲಿ ಕೂತು ಮಾತಾಡುತ್ತಾನೆ. ದೋಹಾದ ಐನ್ ಖಾಲಿದ್‌ನಲ್ಲಿ ಅವರ ಮನೆ ಒಂದು ದೊಡ್ಡ ವಿಲ್ಲಾದ ಸಣ್ಣ ಪಾಲು. ಅಲ್ಲಿನ ಗೋಡೆಗಳು ತೆಳು. ರಾತ್ರಿ ಊಟವಾದ ಮೇಲೆ "ರಿನ್ಯೂವಲ್", "ಕ್ಯಾನ್ಸಲ್", "ಕಾರ್ಗೋ" ಎಂಬ ಮಾತುಗಳು ಗೋಡೆ ದಾಟಿ ಬರುತ್ತವೆ. ನೇತ್ರಾ ಬಂದಳೋ, ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ದೋಹಾದಲ್ಲಿ ಹವಾಮಾನದ ಬಗ್ಗೆ ಮಾತಾಡಲು ಅಷ್ಟೊಂದು ಏನಿದೆ, ನೀವೇ ಹೇಳಿ!

ಹೋದ ವರ್ಷ ಕ್ಲಾಸಿನ ರೋಶ್ನಿ ಹೀಗೇ ಒಂದು ದಿನ ಮಾಯವಾದಳು. ಅವಳ ಅಪ್ಪನ ಕಂಪನಿ ಕಾಂಟ್ರಾಕ್ಟ್ ಮುಗಿಸಿತ್ತಂತೆ. ಅಂದಿನಿಂದ ಅವಳು ಕೂರುತ್ತಿದ್ದ ಬೆಂಚು ಖಾಲಿ. ನಾವೂ ಹಾಗೇ ಹೋಗಿಬಿಡುತ್ತೇವಾ? ನೇತ್ರಾಳಿಗೆ ಬೇಕಾಗಿದ್ದದ್ದು ಈ ಒಂದೇ ಪ್ರಶ್ನೆಗೆ ಉತ್ತರ. ಯಾರೂ ಹೇಳುತ್ತಿಲ್ಲ. ತಾನು ಏನಾದರೂ ತಪ್ಪು ಮಾಡಿದೆನಾ ಎಂದು ಅವಳಿಗೆ ಒಳಗೊಳಗೇ ಭಯ. ಅದಕ್ಕೇ ಈ ವಾರ ಹೇಳಿಸಿಕೊಳ್ಳದೇ ಹೋಂವರ್ಕ್ ಮುಗಿಸಿದ್ದಳು, ತನ್ನ ತಟ್ಟೆ ತಾನೇ ತೊಳೆದಿಟ್ಟಿದ್ದಳು. ಅದನ್ನೂ ಯಾರೂ ಗಮನಿಸಿರಲಿಲ್ಲ.

ಆ ಶುಕ್ರವಾರ ಸಂಜೆ ಅಬು ಹಮೂರ್‌ನ ಒಂದು ಶಾಲೆಯ ಹಾಲ್‌ನಲ್ಲಿ ಕನ್ನಡ ಸಂಘದ ಕ್ರೀಡಾಕೂಟದ ಬಹುಮಾನ ಸಮಾರಂಭ. ಮುಖ್ಯ ಅತಿಥಿ, ನೇತ್ರಾಳಿಗೆ ಫುಟ್‌ಬಾಲ್ ಕಲಿಸುವ ಕೋಚ್ ಟ್ರೆವರ್.

ಹಾಲ್‌ನ ಬಾಗಿಲಲ್ಲೇ ಬಾಗಿಲಿಗಿಂತ ದೊಡ್ಡ ಫ್ಲೆಕ್ಸ್ ಇತ್ತು. "ಇಂಗ್ಲೆಂಡ್ ಫುಟ್‌ಬಾಲ್ ಲೋಕದ ಮಹಾನ್ ತಾರೆ ಶ್ರೀ ಟ್ರೆವರ್ ಅವರಿಗೆ ಹಾರ್ದಿಕ ಸ್ವಾಗತ."

ನೇತ್ರಾ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅವಳ ಕನ್ನಡ ಓದು ಸ್ವಲ್ಪ ನಿಧಾನ. ಓದಿ ಮುಗಿಸಿ, ಸಂಘದ ಕಾರ್ಯದರ್ಶಿ ನೌಶಾದ್ ಅಂಕಲ್ ಹತ್ತಿರ ಓಡಿದಳು.

"ಅಂಕಲ್, ಇದು ರಾಂಗ್! ಕೋಚ್ ಸ್ಟಾರ್ ಅಲ್ಲ. ವಾಟರ್ ಬ್ರೇಕಿನಾಗ ಅವರೇ ಹೇಳ್ಯಾರ. ಅವರು ಸಣ್ಣ ಸಣ್ಣ ಕ್ಲಬ್‌ಗೆ ಆಡಿದ್ದು."

ನೌಶಾದ್ ಅಂಕಲ್ ಉಪ್ಪಿನಂಗಡಿಯವರು. ಒಂದು ಕೈಯಲ್ಲಿ ಮೈಸೂರು ಪೇಟ, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಬೆವರುತ್ತಿದ್ದರು.

"ಗೊತ್ತುಂಟು ಮಾರಾಯ್ತಿ. ಆದ್ರೆ ಸಣ್ಣ ಕ್ಲಬ್ ಅಂತ ಬರೆದ್ರೆ ಜನ ಬರ್ತಾರಾ? ಎಲ್ಲಾ ಹೇಳ್ಬೇಕಂತ ಎಂತ ಉಂಟು? ಸುಮ್ಮನೆ ಎಲ್ಲರಿಗೂ ಬೇಜಾರು." ಅವರು ಬಗ್ಗಿ ದನಿ ತಗ್ಗಿಸಿದರು. "ನೋಡು, ಅವರ ಇಂಗ್ಲಿಷ್ ನನಗೆ ಒಂದು ಅಕ್ಷರ ಹಿಡಿಯುದಿಲ್ಲ. ಫೋನಿನಲ್ಲಿ 'ಯೆಸ್' ಅಂದದ್ದು ಮಾತ್ರ ಅರ್ಥ ಆದದ್ದು. ನೀನೇ ಸ್ಟೇಜಿನಲ್ಲಿ ಟ್ರಾನ್ಸ್‌ಲೇಟ್ ಮಾಡ್ಬೇಕು. ಸ್ವಲ್ಪ ನೋಡಿಕೊಂಡು ಮಾಡು, ಆಯ್ತಾ? ಯಲ್ಲಾ, ಯಲ್ಲಾ, ಬೇಗ ನಡಿ!"

ಅದಂತೂ ನಿಜ. ಕೋಚ್ ಟ್ರೆವರ್ ಬಾಯಿಂದ ಮಾತು ಹೊರಬರುವಷ್ಟರಲ್ಲಿ ಅರ್ಧ ಒಳಗೇ ಉಳಿದುಬಿಡುತ್ತಿತ್ತು. ಅವರ ಬಳಿ ಆಡುವ ಮಕ್ಕಳಿಗೆ ಮಾತ್ರ ಅದು ರೂಢಿಯಾಗಿತ್ತು.

ಸ್ಟೇಜಿನ ಮೇಲೆ ಕೋಚ್‌ಗೆ ಹಾರ ಹಾಕಿದರು. ಶಾಲು ಹೊದಿಸಿದರು. ಅವರ ಬೋಳು ತಲೆಗೆ ಪೇಟ ಇಟ್ಟರು. ಪೇಟ ಸಣ್ಣದಾಯಿತು. ಎರಡು ಸಲ ಮುರಿದು ಸೊಟ್ಟಗಾದ ಮೂಗು, ಅದರ ಮೇಲೆ ಜರಿಯ ಪೇಟ! ಮಕ್ಕಳೆಲ್ಲ ಮುಸಿಮುಸಿ ನಕ್ಕರು. ಮುಂದಿನ ಸಾಲಿನಲ್ಲಿ ಮಮ್ಮಿ ಪಕ್ಕ ಕೂತಿದ್ದ ಹೊನ್ನವ್ವ ಮಾತ್ರ ಎರಡೂ ಕೈ ಎತ್ತಿ ಮುಗಿದಳು. ಅವಳು ನೇತ್ರಾಳ ಅಪ್ಪನ ತಾಯಿ. ಬಾದಾಮಿ ಕಡೆಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಳು. ನೇತ್ರಾ ಅವಳನ್ನು ಆಯಿ ಎನ್ನುತ್ತಿದ್ದಳು. ಅಪ್ಪ ಹಿಂದೆ, ಬಾಗಿಲ ಬಳಿ ನಿಂತಿದ್ದ.

ಕೋಚ್ ಮೈಕ್ ಹಿಡಿದರು. ಫ್ಲೆಕ್ಸಿನ ಮಾತನ್ನೇ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಕಟ್ಟಿದ್ದ ಬ್ಯಾನರ್ ನೋಡಿದರು. ದೊಡ್ಡದಾಗಿ ನಕ್ಕು ಏನೋ ಹೇಳಿ, ನೇತ್ರಾಳ ಕಡೆ ತಿರುಗಿದರು.

ನೇತ್ರಾ ಬಾಯಿ ತೆರೆದಳು. ಕೆಳಗಿನಿಂದ ನೌಶಾದ್ ಅಂಕಲ್ ಕೆಮ್ಮಿದರು. ಅದು ಶೀತದ ಕೆಮ್ಮಲ್ಲ ಎಂದು ಅವಳಿಗೆ ಗೊತ್ತಾಯಿತು.

ಎಲ್ಲಾ ಹೇಳ್ಬೇಕಂತ ಎಂತ ಉಂಟು? ಮನೆಯಲ್ಲೂ ಎಲ್ಲರೂ ಹೀಗೇ ಅಂದುಕೊಂಡಿದ್ದಾರಲ್ಲ! ಬೇಜಾರಾಗಬಾರದು ಅಂತ ಹೇಳುವುದಿಲ್ಲವಂತೆ. ಹೇಳದಿದ್ದರೆ ಬೇಜಾರು ಇರುವುದಿಲ್ಲವೇ? ನೇತ್ರಾಳಿಗೆ ಸಿಟ್ಟು ಬಂತು. ಮೈಕ್ ಬಾಯಿಯ ಹತ್ತಿರ ತಂದಳು.

"ಅವರು ಹೇಳ್ತಾರ, ನಾನು ಸ್ಟಾರ್ ಅಲ್ಲ. ಇಂಗ್ಲೆಂಡ್ ಟೀಮಿಗೆ ಆಡಿಲ್ಲ. ಟಿವಿಯಾಗ ಬರೋ ದೊಡ್ಡ ಲೀಗಿನಾಗೂ ಆಡಿಲ್ಲ. ಮೂರನೇ ಲೀಗ್, ನಾಲ್ಕನೇ ಲೀಗ್, ಇನ್ನೂ ಕೆಳಗಿನ ಲೀಗ್. ಅಲ್ಲೇ ಹದಿನಾರು ವರ್ಷ ಡಿಫೆಂಡರ್ ಆಗಿದ್ದೆ ಅಂತ."

ನೌಶಾದ್ ಅಂಕಲ್ ಹಣೆ ಹಿಡಿದುಕೊಂಡರು.

"ಡಿಫೆಂಡರ್ ಅಂದ್ರ ಏನವಾ?" ಆಯಿ ಕೂತಲ್ಲಿಂದಲೇ ಕೇಳಿದಳು.

"ಡಿಫೆಂಡರ್ ಅಂದ್ರ... ಗೋಲ್ ಆಗದಂಗ ಹಿಂದ ನಿಲ್ಲಾವ್ರು ಆಯಿ. ಎದುರಿನವ್ರು ಎಲ್ಲಿಂದ ಬರಾಕತ್ತಾರ ಅಂತ ಕೂಗಿ ಕೂಗಿ ಹೇಳಾವ್ರು."

"ಹಂಗಾರ ಹೊಲಾ ಕಾಯಾವ್ನು ಅನ್ನು!"

ಹಾಲ್ ನಕ್ಕಿತು. ಕೋಚ್ ಕೂಡ, ಏನೂ ಅರ್ಥವಾಗದೆಯೇ, ನಕ್ಕರು. ಮತ್ತೆ ಮಾತು ಶುರು ಮಾಡಿದರು. ನೇತ್ರಾ ಒಂದೊಂದೇ ವಾಕ್ಯ ಕನ್ನಡಕ್ಕೆ ತಂದಳು. ಪದ ಸಿಗದಿದ್ದಲ್ಲಿ ಕೈ ಆಡಿಸಿದಳು.

"ಒಂಬತ್ತು ಕ್ಲಬ್, ಒಂಬತ್ತು ಊರು. ಒಂದು ಊರು ಪೂರಾ ಮೀನಿನ ವಾಸನಿ. ಇನ್ನೊಂದ್ರಾಗ ಬಿಸ್ಕತ್ ಫ್ಯಾಕ್ಟರಿ, ಆ ಊರಿನಾಗ ಯಾವಾಗ್ಲೂ ಹಸಿವು ಆಗ್ತಿತ್ತಂತ. ಕಾಂಟ್ರಾಕ್ಟ್ ಒಂದೇ ವರ್ಷದ್ದು. ಭಾಳ ಅಂದ್ರ ಎರಡು. ಮೇ ತಿಂಗಳಿನಾಗ ಬಾಸ್ ಒಬ್ಬೊಬ್ಬರನ್ನೇ ರೂಮಿಗೆ ಕರೀತಿದ್ರು. ಹೊರಗ ಎಲ್ಲಾರೂ ಕುರ್ಚಿ ಮ್ಯಾಲೆ ಕುಂತಿರ್ತಿದ್ರು. ಯಾರೂ ಮಾತಾಡ್ತಿರ್ಲಿಲ್ಲ. ಒಳಗ ಹೋದವ್ರು ಹೊರಗ ಬಂದ್ ಕೂಡ್ಲೇ ಗೊತ್ತಾಗ್ತಿತ್ತು. ರಿನ್ಯೂ ಆಗದವ್ರು ತಮ್ಮ ಶೂ ನೋಡ್ಕೋತ ಬರ್ತಿದ್ರು."

ಅಷ್ಟುಹೊತ್ತು ಹಿಂದಿನ ಸಾಲುಗಳಲ್ಲಿ ಜನ ಗೋಳಿಬಜೆ ತಿನ್ನುತ್ತ ಮೊಬೈಲ್ ನೋಡುತ್ತಿದ್ದರು. ಈಗ ಒಂದೊಂದೇ ಮೊಬೈಲ್ ಜೇಬಿಗೆ ಹೋಯಿತು.

"ಆಮೇಲೆ ಬೇರೆ ಊರು. ಮತ್ತ ಮನಿ ಹುಡುಕೋದು, ಸಾಮಾನು ಕಟ್ಟೋದು. ಮಗಳಿಗೆ ಹೊಸಾ ಶಾಲಿ. ಮತ್ತ ಮುಂದಿನ ಮೇ ತಿಂಗಳು ಬರೋದು."

"ಅರೆ, ಇದು ನಮ್ಮದೇ ಕತೆ ಅಲ್ವಾ!" ಹಿಂದಿನಿಂದ ಯಾರೋ ಕೂಗಿದರು. ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಹತ್ತು ಜನ, ಆಮೇಲೆ ಇಡೀ ಹಾಲ್. ನೌಶಾದ್ ಅಂಕಲ್ ಕೆಮ್ಮುವುದನ್ನು ಯಾವಾಗಲೋ ಮರೆತಿದ್ದರು. ದೋಹಾಕ್ಕೆ ಬಂದ ಮೇಲೆ ಅವರೂ ಐದು ಕಂಪನಿ ಬದಲಿಸಿದವರು. ಎಲ್ಲರಿಗಿಂತ ಜೋರಾಗಿ ಅವರೇ ಚಪ್ಪಾಳೆ ತಟ್ಟಿದರು. ಫ್ಲೆಕ್ಸ್ ಬರೆಸಿದ್ದು ಬೇರೆ ಯಾರೋ ಎಂಬಂತೆ!

"ಯಾರಿಗಾದ್ರೂ ಪ್ರಶ್ನೆ ಉಂಟಾ?" ಎಂದೂ ಅವರೇ ಕೇಳಿದರು.

ಫವಾಝ್ ಎಂಬ ಪುಟ್ಟ ಹುಡುಗ ಎದ್ದು, ಎಷ್ಟು ಗೋಲ್ ಹೊಡೆದಿದ್ದೀರಿ ಎಂದು ಕೇಳಿದ. ಕೋಚ್ ಬೆರಳು ಮಡಚಿ ಎಣಿಸಿದರು.

"ಹನ್ನೊಂದಂತ" ಎಂದಳು ನೇತ್ರಾ. "ಅದ್ರಾಗ ಮೂರು ತಮ್ಮ ಟೀಮಿನ ಗೋಲಿಗೇ ಅಂತ."

ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನಿಂತಾಗ, ಬಾಗಿಲ ಬಳಿ ಒಂದು ಕೈ ಮೇಲೆದ್ದಿತ್ತು. ಅದು ಅಪ್ಪನ ಕೈ.

"ನೇತ್ರಾ, ಅವರನ್ನ ಒಂದ್ ಮಾತು ಕೇಳು. ರಿನ್ಯೂ ಆಗ್ಲಿಲ್ಲ ಅಂತ ಮನ್ಯಾಗ ಮಗಳಿಗೆ ಹ್ಯಾಂಗ ಹೇಳ್ತಿದ್ರು?"

ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಆದರೂ ಕನ್ನಡದಲ್ಲಿ, ಮಗಳ ಬಾಯಿಂದಲೇ ಕೇಳಿಸುತ್ತಿದ್ದಾನೆ. ನೇತ್ರಾ ಪ್ರಶ್ನೆಯನ್ನು ಕೋಚ್‌ಗೆ ಹೇಳಿದಳು.

ಕೋಚ್ ಪೇಟ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ನಗಲಿಲ್ಲ. ನಿಧಾನವಾಗಿ ಮಾತಾಡಿದರು.

"ಹೇಳ್ತಿರ್ಲಿಲ್ಲಂತ" ನೇತ್ರಾ ಶುರು ಮಾಡಿದಳು. "ಗ್ರೌಂಡಿನಾಗ ತೊಂಬತ್ತು ನಿಮಿಷ ಕೂಗ್ತಿದ್ದೆ, ಮನಿಗೆ ಬಂದ್ರ ಬಾಯಿ ಬಿಡ್ತಿರ್ಲಿಲ್ಲ. ಮಗಳು ಹೆದರಬಾರ್ದು ಅಂತ. ಆಕಿ ಈಗ ದೊಡ್ಡಾಕಿ. ಹೋದ ವರ್ಷ ಹೇಳಿದ್ಲಂತ..."

ನೇತ್ರಾ ತಡೆದಳು. ಬಾಗಿಲ ಬಳಿಯ ಅಪ್ಪನ ಕಡೆ ನೋಡಿದಳು. ಎಲ್ಲರೂ ಕಾಯುತ್ತಿದ್ದರು.

"ನೀವು ಸುಮ್ಮನಿದ್ದಾಗೆಲ್ಲ, ನಾನೇ ಏನೋ ತಪ್ಪು ಮಾಡೀನಿ ಅಂತ ಅನ್ಕೊಂಡಿದ್ದೆ. ಹಂಗಂದ್ಲಂತ."

ಅಷ್ಟು ಹೇಳಿ ಅವಳು ಮೈಕ್ ಅನ್ನು ಕೋಚ್ ಕೈಗೆ ಕೊಟ್ಟಳು. ಮೆಟ್ಟಿಲಿಳಿದು, ಕುರ್ಚಿಗಳ ನಡುವಿನಿಂದ ಓಡಿದಳು. ಅಪ್ಪ ಎದುರು ಬಂದು ಮೊಣಕಾಲೂರಿ ಕೂತ. ಅವನ ಕಣ್ಣುಗಳು ಕೆಂಪಾಗಿದ್ದವು.

"ನೀನೂ ಹಂಗ ಅನ್ಕೊಂಡಿದ್ದೇನು?"

ನೇತ್ರಾ ಹೂಂ ಎಂದು ತಲೆಯಾಡಿಸಿದಳು.

"ಇಲ್ಲ ನನ್ನವ್ವ. ನಿಂದೇನೂ ತಪ್ಪಿಲ್ಲ. ಕಂಪನಿ ಪ್ರಾಜೆಕ್ಟ್ ಖಲಾಸ್ ಆತು, ರಿನ್ಯೂ ಮಾಡ್ಲಿಲ್ಲ. ನಿನ್ನ ಪರೀಕ್ಷೆ ಮುಗಿದ್ ಮ್ಯಾಲೆ, ಮಾರ್ಚ್‌ದಾಗ, ನಾವು ಹೋಗಬೇಕಾಗ್ತೈತಿ. ಬೇರೆ ಕೆಲಸ ಹುಡುಕಾಕತ್ತೀನಿ. ಸಿಗಬಹುದು, ಸಿಗದೇನೂ ಇರಬಹುದು. ನನಗ ಗೊತ್ತಿರೋದು ಇಷ್ಟ."

"ಫುಟ್‌ಬಾಲ್?"

"ಎಲ್ಲಿ ಹೋದ್ರೂ ಆಡೂದ ಐತಿ."

ನೇತ್ರಾಳಿಗೆ ಅಳು ಬಂತು. ಅಪ್ಪನ ಭುಜದ ಮೇಲೆ ಮುಖವಿಟ್ಟು ಅತ್ತಳು. ಹೋಗುವ ದುಃಖ ದೊಡ್ಡದಾಗಿಯೇ ಇತ್ತು. ಆದರೆ ಒಂದು ವಾರದ ಆ ಭಯ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ಕೇಳಿದಳು.

"ಆಯಿಗೆ ಗೊತ್ತೇನು?"

"ಇಲ್ಲ. ಆಕಿಗಿ ಬಿಪಿ ಐತಿ. ಸುಮ್ಮನ ಯಾಕ ಆಕಿಗಿ..." ಅಪ್ಪ ಅಲ್ಲಿಗೇ ನಿಲ್ಲಿಸಿದ. ಮಗಳ ಮುಖ ನೋಡಿದ. "ನಡಿ, ಇಬ್ರೂ ಕೂಡಿ ಹೇಳೂಣು."

ಸ್ಟೇಜಿನಲ್ಲಿ ಗೋಣಿಚೀಲ ಓಟದ ಬಹುಮಾನ ಶುರುವಾಗಿತ್ತು. ಇಬ್ಬರೂ ಮುಂದಿನ ಸಾಲಿಗೆ ಹೋಗಿ ಆಯಿಯ ಮುಂದೆ ನಿಂತರು. ಯಾರು ಮೊದಲು ಹೇಳುವುದೆಂದು ಒಬ್ಬರ ಮುಖ ಒಬ್ಬರು ನೋಡಿದರು.

ಆಯಿ ಪಕ್ಕದ ಕುರ್ಚಿಯಿಂದ ತನ್ನ ಕೈಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಕೂಡ್ರಿ. ನನಗ ಕಿವಿ ಅದಾವು. ಯಾರರ ಬಾಯಿ ಬಿಟ್ಟು ಹೇಳ್ತೀರೇನೋ ಅಂತ ಒಂದ್ ವಾರದಿಂದ ಕಾಯಾಕತ್ತೀನಿ."

ನೇತ್ರಾ ಅವಳನ್ನೇ ನೋಡಿದಳು. ಅವಳೂ ಆಯಿಯೂ ಮಲಗುವುದು ಒಂದೇ ರೂಮಿನಲ್ಲಿ. ಮೊನ್ನೆ ದೀಪ ಆರಿಸಿದ ಮೇಲೆ ಆಯಿ "ನಿದ್ದಿ ಬರವಲ್ದೇನವಾ?" ಎಂದು ಕೇಳಿದ್ದಳು. ನೇತ್ರಾ ಗೋಡೆ ಕಡೆ ತಿರುಗಿ, ನಿದ್ದೆ ಬಂದವಳ ಹಾಗೆ ಸುಮ್ಮನೆ ಮಲಗಿದ್ದಳು. ಆಯಿಗೆ ಬೇಜಾರಾಗಬಾರದು ಎಂದು.

ಅವಳು ಆಯಿಯ ಪಕ್ಕ ಕೂತು, ಆಯಿಯ ಕೈ ಹಿಡಿದುಕೊಂಡು, ತಾನೇ ಮೊದಲಿಂದ ಹೇಳತೊಡಗಿದಳು.