ಅಟ್ಟದಿಂದ ಇಳಿದ ಕೊನೆಯ ಕಾಯಿ

"ಸ್ವಲ್ಪ ನಿಮ್ಮ ಈರುಳ್ಳಿ ತೆಗೀತೀರಾ? ಇದು ನಮ್ಮ ಟೇಬಲ್ಲು."

ಅಶ್ವಿನಿ ಮೆತ್ತಗೇ ಹೇಳಿದಳು. ಮೇಜಿನ ಆ ಕಡೆ ಬಗ್ಗಿದ್ದ ಗಂಡಸು ತಲೆ ಎತ್ತಲಿಲ್ಲ. ಗ್ರೂಪ್ ಫೋಟೋಗೆ ಮಕ್ಕಳನ್ನು ನಿಲ್ಲಿಸುವವರಂತೆ ದೊಡ್ಡ ಈರುಳ್ಳಿಯನ್ನು ಹಿಂದೆ, ಸಣ್ಣದನ್ನು ಮುಂದೆ ಜೋಡಿಸುತ್ತಿದ್ದ.

"ನೂರಾ ನಲವತ್ತೇಳನೇ ಸ್ಟಾಲು ನಮ್ದು ಕಣ್ರೀ. ಅಜ್ಜಂಪುರ ಈರುಳ್ಳಿ ಬೆಳೆಗಾರರ ಕಂಪನಿ."

"ನಮ್ದೂ ನೂರಾ ನಲವತ್ತೇಳೇ. ಪಂಚನಹಳ್ಳಿ ತೆಂಗು ಬೆಳೆಗಾರರ ಕಂಪನಿ."

ಇಬ್ಬರೂ ಕೊರಳಿನ ಪಾಸು ಎತ್ತಿ ಹಿಡಿದರು. ಎರಡರಲ್ಲೂ ಅದೇ ನಂಬರು. ಆಗ ಅವನು ಅವಳ ಮುಖ ನೋಡಿದ, ನಕ್ಕ. "ಒಂದೇ ಜಿಲ್ಲೆಯವ್ರು, ಹೆಂಗೋ ಹೊಂದ್ಕೊಂತಾರೆ ಅಂತ ಒಂದೇ ಗೂಡಿಗೆ ಹಾಕವ್ರೆ. ನನ್ನ ಹೆಸ್ರು ಓಂಕಾರೇಶ್. ಅರ್ಧ ಟೇಬಲ್ ನಿಮ್ದು ಮೇಡಂ."

ಬೆಂಗಳೂರಿನ ತುಮಕೂರು ರಸ್ತೆಯ ಆ ದೊಡ್ಡ ಹಾಲಿನಲ್ಲಿ ಮೂರು ದಿನದ ಸಪ್ಲೈ ಚೈನ್ ಸಮಾವೇಶ. ಹೊಲದಿಂದ ಅಂಗಡಿಯವರೆಗೆ ಸರಕು ಸಾಗಿಸುವವರು, ಕೂಡಿಡುವವರು, ಕೊಳ್ಳುವವರು ಎಲ್ಲರೂ ಒಂದೇ ಸೂರಿನಡಿ ಸೇರಿದ್ದರು. ಎದುರಿನ ಸ್ಟಾಲಿನಲ್ಲಿ ಒಂದು ರೋಬಾಟು ಖಾಲಿ ಡಬ್ಬ ಎತ್ತಿ ಇಡುತ್ತಿತ್ತು, ಮತ್ತೆ ಎತ್ತುತ್ತಿತ್ತು. ಅದರ ಮುಂದೆ ಜನವೋ ಜನ. ಇವರ ಮುಂದೆ ಯಾರೂ ಇಲ್ಲ.

"ಅದಕ್ಕೆ ಒಂದು ಈರುಳ್ಳಿ ಹೆಚ್ಚೋಕೆ ಕೊಡ್ಬೇಕು. ಕಣ್ಣಲ್ಲಿ ನೀರು ಬತ್ತದಾ ನೋಡನ," ಅಂದ ಓಂಕಾರೇಶ್.

ಅಶ್ವಿನಿ ನಕ್ಕುಬಿಟ್ಟಳು. ನಕ್ಕ ಮೇಲೆ ತನಗೇ ಆಶ್ಚರ್ಯವಾಯಿತು. ಒಂದೂವರೆ ವರ್ಷದಿಂದ ಮನೆಯಲ್ಲಿ ಮಗಳಿಗಾಗಿ ನಗುತ್ತಿದ್ದಳು, ಅತ್ತೆಗಾಗಿ ನಗುತ್ತಿದ್ದಳು. ಇದು ತಾನಾಗಿಯೇ ಬಂದದ್ದು.

ಅವಳು ತನ್ನ ಪಾಲಿನ ಮೇಜಿನ ಮೇಲೆ ಬುಟ್ಟಿ ತುಂಬ ಒಣಕಾಯಿ ಇಟ್ಟಳು. ಒಂದನ್ನು ಮಾತ್ರ ಸೆರಗಿನಿಂದ ಒರೆಸಿ, ಬೇರೆಯಾಗಿ ಹಿತ್ತಾಳೆ ತಟ್ಟೆಯಲ್ಲಿಟ್ಟಳು.

"ಅದ್ಯಾಕೆ ಅದಕ್ಕೊಂದಕ್ಕೆ ಸಿಂಹಾಸನ?"

"ಅದು ನಮ್ಮ ಬೆಸ್ಟ್ ಪೀಸ್," ಅಂದಳು. ಗುರುತಿಲ್ಲದವನ ಹತ್ತಿರ ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ.

ಆ ಕಾಯಿಯನ್ನು ಒಣಗಿ ಕೊಬ್ಬರಿಯಾಗಲಿ ಅಂತ ಅಟ್ಟಕ್ಕೆ ಏರಿಸಿದ್ದು ಅವಳ ಗಂಡ ರುದ್ರಮೂರ್ತಿ. ಏರಿಸಿ ತಿಂಗಳು ತುಂಬುವ ಮೊದಲೇ, ತೋಟದಲ್ಲಿ ಪಂಪ್‌ಸೆಟ್ ಆನ್ ಮಾಡಲು ಹೋದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಅಟ್ಟದ ಮೇಲೆ ಕಾಯಿಗಳು ತಮ್ಮ ಪಾಡಿಗೆ ಒಣಗುತ್ತಲೇ ಇದ್ದವು. ಹನ್ನೊಂದು ತಿಂಗಳಾದ ಮೇಲೆ ಇಳಿಸಿ ಒಡೆಯುವಾಗ ಎಂಟು ವರ್ಷದ ಮಗಳು ಅಮೂಲ್ಯಾ ಒಂದನ್ನು ಎತ್ತಿಕೊಂಡು ಹೋಗಿ ತನ್ನ ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದಳು. "ಇದು ಅಪ್ಪ ಏರ್ಸಿದ್ದು. ಒಡೀಬೇಡ." ಸಮಾವೇಶಕ್ಕೆ ಹೊರಟಾಗ ಅವಳೇ ತಂದು ಅಮ್ಮನ ಬ್ಯಾಗಿಗೆ ಹಾಕಿದಳು. ಅಪ್ಪ ಬೆಂಗಳೂರು ನೋಡಲಿ ಅಂತ. ವಾಪಸ್ ತರಬೇಕು ಅಂತ ಮೂರು ಸಲ ಆಣೆ ಮಾಡಿಸಿಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಟೈ ಕಟ್ಟಿದವನು ಬಂದ. "ಮೇಡಂ, ಕೊಬ್ಬರಿಗೆ ಲೀಡ್ ಟೈಮ್ ಎಷ್ಟು? ರೆಡಿಯಾಗೋಕೆ ಎಷ್ಟು ದಿನ ಬೇಕು?"

"ಹನ್ನೊಂದು ತಿಂಗಳು."

ಅವನು ಪೆನ್ನು ಕೆಳಗಿಟ್ಟ. ಓಂಕಾರೇಶ್ ಕೆಮ್ಮುತ್ತಾ ಬ್ಯಾನರಿನ ಹಿಂದೆ ಹೋದ. ಟೈ ಕಟ್ಟಿದವನು ಹೋದ ಮೇಲೆ ಹೊರಗೆ ಬಂದು, "ಸ್ವಲ್ಪ ಕಮ್ಮಿ ಹೇಳ್ಬಾರ್ದಾ? ಹತ್ತು ಅಂತಾದ್ರೂ?" ಅಂದ.

"ಕಾಯಿ ನಮ್ಮ ಮಾತು ಕೇಳುತ್ತಾ? ತಗೊಳ್ಳಿ, ಅಲ್ಲಾಡ್ಸಿ. ಕಿವಿ ಹತ್ರ ಹಿಡೀರಿ. ಒಳಗಿಂದು ಕಳಚ್ಕೊಂಡು ಗಡಗಡ ಅಂದ್ರೆ ಆಯ್ತು ಅಂತ. ಇಲ್ಲಾಂದ್ರೆ ಇನ್ನೂ ಆಗಿಲ್ಲ."

ಅವನು ಬುಟ್ಟಿಯಿಂದ ಒಂದು ತೆಗೆದು ಕಿವಿಗೆ ಹಿಡಿದ. ಹಿಡಿದವನ ಕಣ್ಣು ಮಾತ್ರ ಅವಳ ಮೇಲೆಯೇ ಇತ್ತು. ಅವಳು ಬುಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಅಷ್ಟರಲ್ಲಿ ಕೆನ್ನೆ ಬೆಚ್ಚಗಾಗಿತ್ತು.

ಎರಡನೆಯ ದಿನ ಅತ್ತೆ ದಾಕ್ಷಾಯಣಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ ಇಬ್ಬರ ನಡುವೆ ತೆರೆದುಕೊಂಡಿತು. ಅವನು ಒಂದು ಈರುಳ್ಳಿಯನ್ನು ಮುಷ್ಟಿಯಲ್ಲಿ ಗುದ್ದಿ ಒಡೆದು ಅರ್ಧ ಅವಳಿಗೆ ಕೊಟ್ಟ.

"ಇಷ್ಟು ವಯಸ್ಸಾದ್ರೂ ಮದುವೆ ಯಾಕಾಗ್ಲಿಲ್ಲ?" ಕೇಳಿದಳು.

"ಮೂವತ್ತೆಂಟೇ ಕಣ್ರೀ! ಹುಡ್ಗಿ ಮನೆಯವ್ರು ಬತ್ತಾರೆ, ಏನ್ಮಾಡ್ತಾನೆ ಅಂತ ಕೇಳ್ತಾರೆ, ಈರುಳ್ಳಿ ಅಂತೀವಿ, ಕಾಫಿ ಕುಡ್ದು ಹೋಯ್ತಾರೆ. ನಮ್ಮಪ್ಪ ತೀರ್ಥಪ್ಪ ಈಗ ಕಾಫಿ ಕೊಡೋದೇ ಬಿಟ್ಟವ್ರೆ."

ಅವಳು ನಗುತ್ತಾ ನಗುತ್ತಾ ತನ್ನ ವಿಷಯ ಹೇಳಿದಳು. ಗಂಡ ಇಲ್ಲ, ಒಬ್ಬಳು ಮಗಳು, ಮಗಳಂತೆ ನೋಡಿಕೊಳ್ಳುವ ಅತ್ತೆ. ಅಷ್ಟೇ. ಕಾಯಿಯ ವಿಷಯ ಹೇಳಲಿಲ್ಲ. ಅವನು ಅಯ್ಯೋ ಅನ್ನಲಿಲ್ಲ. ಸುಮ್ಮನೆ ಎದ್ದು ಹೋಗಿ ಎರಡು ಲೋಟ ಕಾಫಿ ತಂದ. ಅವಳದ್ದರಲ್ಲಿ ಸಕ್ಕರೆ ಕಮ್ಮಿ. ನಿನ್ನೆ ಒಂದು ಸಲ ಹೇಳಿದ್ದು, ನೆನಪಿಟ್ಟುಕೊಂಡಿದ್ದ.

ಸಂಜೆ ಸ್ಟಾಲಿಗೆ ಬಟ್ಟೆ ಮುಚ್ಚುವಾಗ, ಒಂದು ತುದಿ ಅವಳು, ಒಂದು ತುದಿ ಅವನು ಹಿಡಿದಿದ್ದರು.

"ಅಶ್ವಿನಿಯವ್ರೇ," ಅಂದ. ಮೇಡಂ ಅನ್ನಲಿಲ್ಲ. "ನಾನು ಸುತ್ತಿಬಳಸಿ ಮಾತಾಡೋನಲ್ಲ. ವಾಪಸ್ ಹೋಗೋ ದಿನ ನಿಮ್ಜೊತೆ ಪಂಚನಹಳ್ಳಿಗೆ ಬತ್ತೀನಿ. ನಿಮ್ಮತ್ತೆ ಹತ್ರ ನಾನೇ ಕೇಳ್ತೀನಿ. ಮಗ್ಳನ್ನೂ ನೋಡ್ತೀನಿ. ಬ್ಯಾಡ ಅಂದ್ರೆ ಬರಲ್ಲ."

ಅವಳು ಹಿಡಿದ ತುದಿಯನ್ನು ಬಿಡಲೂ ಇಲ್ಲ, ಮಡಿಸಲೂ ಇಲ್ಲ. "ನಾಳೆ ಹೇಳ್ತೀನಿ," ಅಂದಳು. ಹಾಸ್ಟೆಲ್ ರೂಮಿಗೆ ಹೋಗುವ ಬಸ್ಸಿನಲ್ಲಿ, ಹೂಂ ಅನ್ನುವುದನ್ನು ಹೇಗೆ ಹೇಳಲಿ ಅಂತ ನಾಲ್ಕಾರು ರೀತಿ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು.

ಮೂರನೆಯ ದಿನ ಬೆಳಿಗ್ಗೆಯಿಂದಲೇ ಜನ. ಹನ್ನೊಂದು ಗಂಟೆಗೆ ಬುಟ್ಟಿಯ ಕಾಯಿಯೆಲ್ಲ ಒಡೆದು ರುಚಿ ತೋರಿಸಿ ಮುಗಿದಿತ್ತು. ಅಷ್ಟರಲ್ಲಿ ಅಮೂಲ್ಯಾಳ ಫೋನು. ಒಳಗೆ ಗದ್ದಲ. ಅಶ್ವಿನಿ ಹೊರಗಿನ ಮೆಟ್ಟಿಲಿಗೆ ಹೋದಳು.

"ಅಮ್ಮಾ, ಅಪ್ಪನ ಕಾಯಿ ಎಲ್ಲಾರೂ ನೋಡಿದ್ರಾ?"

"ನೋಡಿದ್ರು ಕಣೇ. ರೋಬಾಟೂ ನೋಡ್ತು."

"ಸುಳ್ಳು! ನಾಳೆ ತತ್ತೀಯ ತಾನೇ?"

"ತರ್ತೀನಿ ಬಂಗಾರ. ಅಜ್ಜಿಗೆ ಕಾಟ ಕೊಡ್ಬೇಡ."

ಫೋನು ಇಟ್ಟು ಒಂದು ನಿಮಿಷ ಬಿಸಿಲಲ್ಲೇ ನಿಂತಳು. ಇವತ್ತು ಹೇಳಿಬಿಡಬೇಕು, ಬನ್ನಿ ಅಂತ. ಸೀರೆಯ ನೆರಿಗೆ ಸರಿಮಾಡಿಕೊಂಡು ಒಳಗೆ ಬಂದಳು.

ಸ್ಟಾಲಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಏನೋ ಅಗಿಯುತ್ತಾ ನಿಂತಿದ್ದಳು. ಹುಬ್ಬಳ್ಳಿಯ ಸಿಹಿತಿಂಡಿ ಕಂಪನಿಯೊಂದಕ್ಕೆ ಸಾಮಾನು ಕೊಳ್ಳುವ ತನುಜಾ ಅಂತ ಅವಳ ಪಾಸು ಹೇಳುತ್ತಿತ್ತು.

"ಬನ್ನಿ ಬನ್ನಿ," ಅಂದಳು ತನುಜಾ. "ಇಷ್ಟು ಸಿಹಿ ಕೊಬ್ಬರಿ ನಾ ತಿಂದೇ ಇಲ್ರೀ. ಸ್ಯಾಂಪಲ್ ಖಾಲಿ ಅಂದ್ರು, ಹೊಂಟಿದ್ದೆ ನಾನು. ನಿಮ್ಮ ಯಜಮಾನ್ರು ಬಿಡಲಿಲ್ಲ. ತಟ್ಟೇದಾಗಿಂದನ್ನೇ ತಗದು ಒಡದು ಕೊಟ್ರು. ತಿಂಗಳಾ ತಿಂಗಳಾ ಬೇಕು ನಮಗ, ಈರುಳ್ಳಿನೂ ಬೇಕು."

ತಟ್ಟೆ ಖಾಲಿ ಇತ್ತು. ಬ್ಯಾನರಿನ ಕಬ್ಬಿಣದ ಕಾಲಿನ ಹತ್ತಿರ, ಕೆಂಪು ಕಾರ್ಪೆಟ್ಟಿನ ಮೇಲೆ ಚಿಪ್ಪಿನ ಚೂರುಗಳು.

ಓಂಕಾರೇಶ್ ಮುಖ ಅರಳಿಸಿಕೊಂಡು ನಿಂತಿದ್ದ. "ಬೆಸ್ಟ್ ಪೀಸ್ ಅಂದಿದ್ರಲ್ಲ, ಕೈ ಕೊಡ್ಲಿಲ್ಲ ನೋಡಿ!"

ಅಶ್ವಿನಿ ತನುಜಾಳ ಕಾರ್ಡು ಇಸಿದುಕೊಂಡಳು. ಎಷ್ಟು ಮೂಟೆ, ಯಾವ ತಾರೀಕು, ಲಾರಿ ಎಲ್ಲಿಂದ, ಎಲ್ಲ ಬರೆದುಕೊಂಡಳು. ತನುಜಾ ಹೋದ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿದಳು.

"ಅದನ್ನ ಅಟ್ಟಕ್ಕೆ ಏರ್ಸಿದ್ದು ಅವರು. ಕೊನೇದು ಅದೊಂದೇ ಇತ್ತು. ಅಮೂಲ್ಯಾ ಇಟ್ಕೊಂಡಿದ್ಲು."

ಅವನ ಮುಖದಿಂದ ನಗು ಹೋಯಿತು. ಮಂಡಿಯೂರಿ ಕಾರ್ಪೆಟ್ಟಿನಿಂದ ಒಂದೊಂದೇ ಚೂರು ಆರಿಸತೊಡಗಿದ. ಓಡಾಡುವ ಜನ ಅವನನ್ನು ದಾಟಿಕೊಂಡು ಹೋಗುತ್ತಿದ್ದರು.

"ಏಳಿ. ಯಾರಾದ್ರೂ ನೋಡ್ತಾರೆ."

"ನೋಡ್ಲಿ ಬಿಡಿ."

"ತಪ್ಪು ನಂದು ಕಣ್ರೀ. ನಾನು ಹೇಳಿರ್ಲಿಲ್ಲ," ಅಂದಳು ಅಶ್ವಿನಿ.

ಮೇಜಿನ ಮೇಲೆ ಒಂದು ಹೋಳು ಉಳಿದಿತ್ತು. ಅವಳು ಅದನ್ನು ಎರಡು ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಅವನ ಕೈಗಿಟ್ಟಳು. ಸಿಹಿಯಾಗಿತ್ತು. ಅದು ಸಿಹಿಯಾಗಿದ್ದದ್ದೇ ಅವಳನ್ನು ಅಳಿಸಿತು.

ಮರುದಿನ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹನ್ನೆರಡು ಗಂಟೆಯ ಬಿಸಿಲು. ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗುವ ಬಸ್ಸು ಆ ಕಡೆ, ಪಂಚನಹಳ್ಳಿಯದು ಈ ಕಡೆ. ಓಂಕಾರೇಶ್ ಅವಳ ಬ್ಯಾನರು, ಪೆಟ್ಟಿಗೆ ಹೊತ್ತು ತಂದು ಸೀಟಿನ ಕೆಳಗೆ ಸರಿಸಿದ. ಇಳಿಯಲಿಲ್ಲ. ಪಕ್ಕದಲ್ಲಿ ಕೂತ.

"ನೀವಿನ್ನೂ ಹೇಳ್ಲಿಲ್ಲ," ಅಂದ. "ನಾನು ಬತ್ತೀನಿ. ಒಡ್ದೋನು ನಾನು. ಮಗೀಗೆ ನಾನೇ ಹೇಳ್ತೀನಿ, ಬೈಸ್ಕೊಂತೀನಿ."

"ಬೇಡ."

"ಯಾಕೆ?"

ಅಶ್ವಿನಿ ಕಿಟಕಿಯ ಸರಳು ಹಿಡಿದುಕೊಂಡಳು. "ಇವತ್ತು ಅವಳಿಗೆ ಕಾಯಿ ಇಲ್ಲ ಅಂತ ಹೇಳ್ಬೇಕು. ಅದೇ ಬಾಗಿಲಲ್ಲಿ ನಿಮ್ಮನ್ನೂ ನಿಲ್ಸಿದ್ರೆ, ಅದನ್ನ ಕೊಟ್ಟು ಇವರನ್ನ ತಂದ್ಲು ಅಮ್ಮ ಅಂತ ಅವಳ ಮನಸ್ಸಲ್ಲಿ ಕೂತ್ಬಿಡುತ್ತೆ. ಬಾಯಲ್ಲಿ ಹೇಳಲ್ಲ ಅವಳು. ಒಳಗೇ ಇಟ್ಕೊಂಡು ಬೆಳೀತಾಳೆ."

"ಇವತ್ತಲ್ದಿದ್ರೆ ಯುಗಾದಿ ಆದ್ಮೇಲೆ. ಬರೋ ವರ್ಷ."

"ಅವತ್ತೂ ನೀವು ಒಡೆದವರೇ ಆಗಿರ್ತೀರಿ. ಅವಳಿಗೆ ಸುಳ್ಳು ಹೇಳೋಕಾಗಲ್ಲ ನನ್ನ ಕೈಲಿ. ನನಗೋಸ್ಕರ ಕಾಯ್ತಾ ಕೂತ್ಕೋಬೇಡಿ."

ಅವನು ತನ್ನ ಅಂಗೈ ನೋಡಿಕೊಂಡ. "ಇಷ್ಟ ಇಲ್ಲ ಅಂದ್ಬಿಡಿ. ಸುಲಭ ಆಯ್ತದೆ."

"ಇಷ್ಟ ಇಲ್ದೇ ಇದ್ದಿದ್ರೆ ಕರ್ಕೊಂಡೇ ಹೋಗ್ತಿದ್ದೆ," ಅಂದಳು ಅಶ್ವಿನಿ. "ಊಟಕ್ಕೆ ಹಾಕಿ, ಕಾಫಿ ಕೊಟ್ಟು, ಮೂರು ಗಂಟೆ ಬಸ್ಸಿಗೆ ಕಳಿಸ್ತಿದ್ದೆ."

ಅವನು ಅವಳ ಕಡೆ ತಿರುಗಿದ. ಮೂರು ದಿನ ಕದ್ದು ನೋಡಿದ್ದನ್ನೆಲ್ಲ ಈಗ ಒಂದೇ ಸಲ ನೇರವಾಗಿ ನೋಡಿದ. ಅವಳೂ ಈ ಸಲ ಕಣ್ಣು ತಪ್ಪಿಸಲಿಲ್ಲ.

"ಹುಬ್ಳಿ ಲೋಡಿಗೆ ನಾನು ಬರಲ್ಲ," ಅಂದ ಕೊನೆಗೆ. "ಡ್ರೈವರು ಆನಂದ್‌ನ ಕಳಿಸ್ತೀನಿ. ಒಳ್ಳೇ ಹುಷಾರಿನ ಮನ್ಷ. ಮೂಟೆ ಎಸೆಯಲ್ಲ."

"ಹೂಂ."

ಕಂಡಕ್ಟರ್ ಹತ್ತಿದ. ಅಶ್ವಿನಿ ಆಧಾರ್ ಕಾರ್ಡು ತೋರಿಸಿದಳು. "ಪಂಚನಹಳ್ಳಿ."

"ನಿಮ್ದು ಫ್ರೀ ಕಣಮ್ಮ. ಯಜಮಾನ್ರು ಮಾತ್ರ ದುಡ್ಡು ಬಿಚ್ಬೇಕು," ಅಂತ ನಗುತ್ತಾ ಕಂಡಕ್ಟರ್ ಎರಡನೆಯ ಟಿಕೆಟಿಗೆ ಮಷಿನ್ ಒತ್ತಲು ಹೋದ.

ಓಂಕಾರೇಶ್ ಜೇಬಿಗೆ ಕೈ ಹಾಕಿದ. ಹಾಕಿದವನು ಅಲ್ಲೇ ನಿಲ್ಲಿಸಿ ಅವಳ ಮುಖ ನೋಡಿದ.

"ಅವರು ಬರಲ್ಲ," ಅಂದಳು ಅಶ್ವಿನಿ. "ಒಬ್ಬಳೇ."

ಅವನು ಎದ್ದ. "ಹುಷಾರಾಗಿ ಹೋಗ್ಬನ್ನಿ, ಅಶ್ವಿನಿ," ಅಂದ. ಮುಂದಿನ ಬಾಗಿಲಿನಿಂದ ಇಳಿದು, ತಿರುಗಿ ನೋಡದೆ, ನಿಂತಿದ್ದ ಎರಡು ಬಸ್ಸುಗಳ ಸಂದಿಯಲ್ಲಿ ನಡೆದು ಹೋದ.

ಬಸ್ಸು ಹೊರಡುವ ಹೊತ್ತಿಗೆ ಸೊಪ್ಪಿನ ಕುಕ್ಕೆ ಹಿಡಿದ ಒಬ್ಬ ಮುದುಕಿ ಏದುಸಿರು ಬಿಡುತ್ತಾ ಹತ್ತಿದಳು. "ಯಾರಾರೂ ಅವ್ರೇನವ್ವಾ ಇಲ್ಲಿ?"

ಅಶ್ವಿನಿ ಪಕ್ಕದ ಸೀಟಿನ ಮೇಲೆ ಕೈ ಇಟ್ಟಳು. ರೆಕ್ಸಿನ್ನು ಇನ್ನೂ ಬೆಚ್ಚಗಿತ್ತು.

"ಇಲ್ಲಮ್ಮ, ಕೂತ್ಕೊಳ್ಳಿ," ಎಂದು ಕೈ ತೆಗೆದಳು.