ಸೀಸದ ಗಣಿಯ ಪಾಲುದಾರರು

೧೯೫೫ರ ಮಾರ್ಚ್ ೧೪, ಸೋಮವಾರ. ಬೆಳಿಗ್ಗೆ ಏಳರ ಸುಮಾರಿಗೆ ವಾಡಿ ಪೊಲೀಸ್ ಠಾಣೆಗೆ ಗುರುಲಿಂಗಯ್ಯ ಬಂದರು. ಶಹಾಬಾದದ ಒಂದು ಕಲ್ಲಿನ ಕಂಪನಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಅರವತ್ತು ದಾಟಿದ ವಯಸ್ಸು. ಹಣೆಯ ಮೇಲೆ ವಿಭೂತಿ, ಒಗೆದ ಧೋತರ, ಗುಂಡಿ ಹಾಕಿದ ಕರಿ ಕೋಟು. ಮನೆ ಎದುರಿಗೇ ಇದ್ದರೂ ಅವರು ಠಾಣೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಸಬ್ ಇನ್‌ಸ್ಪೆಕ್ಟರ್ ಮಡಿವಾಳಯ್ಯ ಕುರ್ಚಿ ತೋರಿಸಿದರು.

"ಕುಂದ್ರಿ. ಏನಾಗ್ಯದ?"

"ಮನಿಯಾಗ ಕಳುವಾಗ್ಯದ್ರಿ. ಒಂದು ಟ್ರಂಕು."

"ಒಳಗ ಏನಿತ್ತು?"

"ಶೇರಿನ ಕಾಗದ. ಆಸ್ಟ್ರೇಲಿಯಾದೊಳಗಿನ ಸೀಸದ ಗಣಿ ಕಂಪನಿದು. ನನ್ನೊಬ್ಬನವಲ್ರಿ. ಹನ್ನೊಂದು ಮಂದಿದು."

"ಯಾರ ಮ್ಯಾಲರೆ ಸಂಶಯ?"

"ಇಲ್ರಿ."

ಜಮಾದಾರ ಬಾಬುಮಿಯಾ ಎಫ್.ಐ.ಆರ್. ಬರೆದುಕೊಂಡ. ಗುರುಲಿಂಗಯ್ಯ ಅದನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿಸಿ, ಸಹಿ ಹಾಕಿದರು.

ಆ ಶೇರುಗಳ ಸಂಗತಿ ವಾಡಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ವರ್ಷದ ಹಿಂದೆ ಕೊರಿಯಾದಲ್ಲಿ ಯುದ್ಧ ನಡೆದಾಗ ಸೀಸಕ್ಕೆ ಎಲ್ಲಿಲ್ಲದ ಬೆಲೆ ಬಂದಿತ್ತು. ಶಹಾಬಾದದಲ್ಲಿದ್ದ ಆಸ್ಟ್ರೇಲಿಯಾದ ಎಂಜಿನಿಯರ್ ಒಬ್ಬ ತನ್ನ ಊರ ಗಣಿಗಳ ಮಾತನ್ನು ಗುರುಲಿಂಗಯ್ಯನವರ ಮುಂದೆ ಆಡುತ್ತಿದ್ದ. ಅವರು ಅದನ್ನು ತಮ್ಮ ಓಣಿಯಲ್ಲಿ ಹೇಳಿದರು. ಖಾನಾವಳಿ ನಡೆಸುವ ಭಾಗಮ್ಮ, ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಜಹಾಂಗೀರ, ಇನ್ನೂ ಎಂಟು ಮಂದಿ ತಮ್ಮಲ್ಲಿದ್ದ ಹಳೆಯ ಸಂಸ್ಥಾನದ ಸಿಕ್ಕಾ ರೂಪಾಯಿ ತಂದುಕೊಟ್ಟರು. ಗುರುಲಿಂಗಯ್ಯ ತಮ್ಮ ಉಳಿತಾಯವನ್ನೂ ಸೇರಿಸಿ, ಎಲ್ಲವನ್ನೂ ಮುಂಬಯಿಯಲ್ಲಿ ನಡೆಯುವ ಕಲ್ದಾರ ರೂಪಾಯಿಗೆ ಬದಲಿಸಿ, ಮುಂಬಯಿಯ ದಲ್ಲಾಳಿಯ ಮೂಲಕ ಶೇರು ಕೊಂಡರು. ಕಾಗದ ಅವರ ಹೆಸರಿಗೇ ಬಂತು. ಉಳಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವರ ಮೇಲೆ ಭರವಸೆ ಇತ್ತು.

ವರ್ಷ ತುಂಬುವುದರೊಳಗೆ ಬೆಲೆ ಬಿತ್ತು. ಒಂದು ವಾರ ಬಿದ್ದರೆ ಮರುವಾರ ಎದ್ದು, ಮತ್ತೆ ಇನ್ನೂ ಕೆಳಗೆ ಬಿತ್ತು. ಜನ ಗಾಬರಿಯಾಗಿ ಅವರ ಕಟ್ಟೆಗೆ ಬಂದರು. "ಗಣಿ ಎಲ್ಲಿಗೂ ಓಡಿ ಹೋಗಂಗಿಲ್ಲ, ನೆಲದಾಗ ಸೀಸ ಇದ್ದೇ ಅದ. ಹೆದರಿ ಮಾರಬ್ಯಾಡ್ರಿ" ಎಂದು ಗುರುಲಿಂಗಯ್ಯ ಸಮಾಧಾನ ಹೇಳಿದರು. ಮುಂಬಯಿಯ ಪೇಪರು ಮೇಲ್ ಗಾಡಿಗೆ ಬರುತ್ತಿತ್ತು. ಅದರಲ್ಲಿ ಆ ಕಂಪನಿಯ ದರ ಬಂದ ದಿನ ಅವರು ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದರು. ಜನ ಕೇಳಿ, ಸುಮ್ಮನೆ ಎದ್ದು ಹೋಗುತ್ತಿದ್ದರು. ಹೋದ ವರ್ಷದಿಂದ ದರ ಏರತೊಡಗಿತ್ತು. ಈ ತಿಂಗಳು ಕೊಂಡ ಬೆಲೆಯನ್ನೂ ದಾಟಿತು. ಶುಕ್ರವಾರ ಹನ್ನೊಂದು ಮಂದಿಯೂ ಕೂಡಿ ಮಾರುವುದೆಂದು ಮಾತಾಡಿಕೊಂಡರು. ಸೋಮವಾರ ಟ್ರಂಕು ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಆಯಿತು. ಹಿತ್ತಲ ಬಾಗಿಲಿನ ಚಿಲಕ ಬಗ್ಗಿತ್ತು. ಮಂಚದ ಕೆಳಗೆ ಟ್ರಂಕು ಇದ್ದ ಜಾಗದ ಫರಸಿ ಕಲ್ಲು ಮಾತ್ರ ಧೂಳಿಲ್ಲದೆ ಚೌಕವಾಗಿ ಕಾಣುತ್ತಿತ್ತು. ಬೇರೇನೂ ಹೋಗಿರಲಿಲ್ಲ. ಗೋಡೆಗೂಡಿನಲ್ಲಿದ್ದ ಬೆಳ್ಳಿಯ ಬಟ್ಟಲು ಅಲ್ಲೇ ಇತ್ತು.

"ಟ್ರಂಕಿಗೆ ಕೀಲಿ ಇತ್ತೇನು?"

"ಇತ್ರಿ. ಅಲೀಗಢದ ಕೀಲಿ. ಕೀಲಿಕೈ ಒಂದೇ, ನನ್ನ ಉಡದಾರದಾಗ ಅದ." ಗುರುಲಿಂಗಯ್ಯ ಕೋಟು ಸರಿಸಿ ತೋರಿಸಿದರು.

ಅವರ ಹೆಂಡತಿ ಮಹಾದೇವಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಏನಾದರೂ ಸಪ್ಪಳ ಕೇಳಿತೇ ಎಂದು ಮಡಿವಾಳಯ್ಯ ಕೇಳಿದಾಗ, "ನನಗ ನಿದ್ದಿ ಹತ್ತಿತ್ರಿ. ಎಚ್ಚರ ಇರೋರು ಇವರೇ" ಎಂದರು. ಗುರುಲಿಂಗಯ್ಯ ಹೆಂಡತಿಯ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಜನ ಸೇರಿತ್ತು. ಗುಂಪಿನಿಂದ ಯಾರೋ ಜಹಾಂಗೀರನ ಹೆಸರು ಎತ್ತಿದರು. ಶುಕ್ರವಾರ ಅವನು ಕಾಗದ ತೋರಿಸಿ ಎಂದು ಹಟ ಹಿಡಿದಿದ್ದ. ಗುರುಲಿಂಗಯ್ಯ ತೋರಿಸಿರಲಿಲ್ಲ. ಮಾತಿಗೆ ಮಾತು ಬೆಳೆದಿತ್ತು. ಮತ್ತೊಬ್ಬನು ಜಹಾಂಗೀರನ ಅಣ್ಣ ನಲವತ್ತೆಂಟರಲ್ಲಿ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಊರು ಬಿಟ್ಟುಹೋದದ್ದನ್ನು ನೆನಪಿಸಿದ. ಆ ಮಾತಿಗೂ ಈ ಕಳುವಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ.

ಮಡಿವಾಳಯ್ಯ ಗುರುಲಿಂಗಯ್ಯನವರನ್ನು ಪಕ್ಕಕ್ಕೆ ಕರೆದರು.

"ನಿಮಗ ಜಹಾಂಗೀರನ ಮ್ಯಾಲ ಸಂಶಯ ಅದೇನು?"

ಗುರುಲಿಂಗಯ್ಯ ನೆಲ ನೋಡಿದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಮಧ್ಯಾಹ್ನ ಜಹಾಂಗೀರನನ್ನು ಲೋಕೋ ಶೆಡ್ಡಿನಿಂದ ಕರೆಸಲಾಯಿತು. ಮುಖದ ಮಸಿಯನ್ನೂ ತೊಳೆದಿರಲಿಲ್ಲ.

"ಭಾನುವಾರ ರಾತ್ರಿ ಎಲ್ಲಿದ್ದಿ?"

"ಸೇಡಂದಾಗ್ರಿ ಸಾಹೇಬ್ರ. ಚಿಂಚೋಳಿಗೆ ಹೋಗಿದ್ದೆ, ಮಗಳಿಗಿ ವರ ನೋಡ್ಲಿಕ್ಕ. ತಿರುಗಿ ಬರಬೇಕಾದ್ರ ಗಾಡಿ ತಪ್ಪಿತು. ಸೇಡಂ ಟೇಶನ್ನಾಗೇ ಮಲಗಿದೆ."

"ಯಾರು ನೋಡ್ಯಾರ?"

"ಟೇಶನ್ನಾಗ ಮಲಗಿದವನ್ನ ಯಾರು ನೋಡ್ತಾರ್ರಿ?"

"ಕಾಗದ ತೋರಿಸ್ರಿ ಅಂತ ಯಾಕ ಜಗಳಾಡಿದಿ?"

ಜಹಾಂಗೀರ ಮುಖದ ಮಸಿಯನ್ನು ತೋಳಿಗೆ ಒರೆಸಿಕೊಂಡ. "ನಾಲ್ಕು ವರ್ಷಾತ್ರಿ. ಒಮ್ಮೆನೂ ಕಣ್ಣಿಲೆ ನೋಡಿಲ್ಲ. ನನಗ ಓದ್ಲಿಕ್ಕ ಬರಲ್ಲ, ಖರೆ. ಆದ್ರೂ ಮಾರೂದಕ್ಕಿಂತ ಮೊದಲ ಒಂದ್ಸಲ ನೋಡಬೇಕನಿಸಿತು."

ಅವನ ಮಾತಿಗೆ ಸಾಕ್ಷಿ ಇರಲಿಲ್ಲ. ಮಡಿವಾಳಯ್ಯ ಅವನನ್ನು ಠಾಣೆಯಲ್ಲೇ ಇರಿಸಿಕೊಂಡರು. ಒಳಗಿನ ಕೋಣೆಗೆ ಹೋಗುವಾಗ ಜಹಾಂಗೀರ ಒಂದೇ ಮಾತು ಕೇಳಿದ: "ಶೆಡ್ಡಿಗೆ ಸುದ್ದಿ ಹೋತೇನ್ರಿ?" ಹೋಗಿತ್ತು. ಸಂಜೆಗೆ ರೈಲ್ವೆಯವರು ಅವನನ್ನು ಕೆಲಸದಿಂದ ನಿಲ್ಲಿಸಿದರು. ಅವನ ಹೆಂಡತಿ ಜಾನಬಿ ರೊಟ್ಟಿಯ ಗಂಟು ಹಿಡಿದು ಠಾಣೆಗೆ ಬಂದಾಗ ಹಣೆಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಯಾರೋ ಮನೆಯ ಮೇಲೆ ಕಲ್ಲು ಎಸೆದಿದ್ದರು. ಯಾರೆಂದು ಕೇಳಿದರೆ, "ಬಿಡ್ರಿ, ಓಣಿಯಾಗೇ ಇರಬೇಕಲ್ರಿ" ಎಂದಳು.

ಮಡಿವಾಳಯ್ಯ ಒಬ್ಬ ಕಾನ್‌ಸ್ಟೆಬಲ್‌ನನ್ನು ಆ ಓಣಿಗೆ ಪಹರೆಗೆ ಕಳಿಸಿದರು. ಬಾಬುಮಿಯಾನನ್ನು ಮಂಗಳವಾರ ಮುಂಜಾನೆ ಸೇಡಂ, ಚಿಂಚೋಳಿಗೆ ಅಟ್ಟಿ, ತಾವು ಚಿತ್ತಾಪುರಕ್ಕೆ ಹೋಗಿ ವಕೀಲ ಮಜೀದಸಾಬರನ್ನು ಕಂಡರು. ದಸ್ತಗಿರಿ ಮಾಡುವ ಮೊದಲು ಒಂದು ಮಾತು ತಿಳಿದುಕೊಳ್ಳಬೇಕಿತ್ತು. ಇಂಥ ಕಾಗದ ಕದ್ದವನು ಅದನ್ನು ಏನು ಮಾಡುತ್ತಾನೆ?

"ಏನೂ ಮಾಡ್ಲಿಕ್ಕ ಬರಂಗಿಲ್ಲ" ಎಂದರು ಮಜೀದಸಾಬ. "ಹೆಸರು ಕಂಪನಿ ದಫ್ತರದಾಗ ಇರ್ತದ. ಮಾಲಕ ಸಹಿ ಮಾಡಿ ಕೊಡದೆ ಯಾರೂ ಮಾರಂಗಿಲ್ಲ. ಕಾಗದ ಹೋತಂದ್ರ ಶೇರು ಹೋಗಂಗಿಲ್ಲರಿ. ತಂತಿ ಆಫೀಸಿನಿಂದ ದಲ್ಲಾಳಿಗೆ ಒಂದು ತಾರು ಕೊಟ್ರ ಸಾಕು. ಕಂಪನಿ ಹೊಸ ಕಾಗದ ಕೊಡ್ತದ."

"ಇದು ಗುರುಲಿಂಗಯ್ಯನವರಿಗಿ ಗೊತ್ತಿರ್ತದೇನು?"

"ಶೇರು ಕೊಂಡವರು ಅವರು. ನನಗಿಂತ ಹೆಚ್ಚು ಗೊತ್ತಿರಬೇಕು."

ಮಡಿವಾಳಯ್ಯ ಸಂಜೆಯ ಗಾಡಿಗೆ ವಾಡಿಗೆ ಮರಳಿ, ಸ್ಟೇಷನ್ನಿನಿಂದ ನೇರ ಗುರುಲಿಂಗಯ್ಯನವರ ಮನೆಗೆ ಹೋದರು.

"ಮುಂಬಯಿ ದಲ್ಲಾಳಿ ವಿಳಾಸ ಕೊಡ್ರಿ. ತಾರು ಕೊಡ್ತೀನಿ."

"ತಾರು ಯಾಕ್ರಿ?"

"ಯಾರರೆ ಮಾರ್ಲಿಕ್ಕ ಬಂದ್ರ ತಡೀಲಿ ಅಂತ. ನೀವು ನಿನ್ನೆನೇ ಕೊಡಬೇಕಿತ್ತು."

"ಅಷ್ಟು ಅವಸರ ಏನದರಿ. ಮೊದಲ ಟ್ರಂಕು ಸಿಗಲಿ." ಅವರ ಧ್ವನಿ ಸಹಜವಾಗಿಯೇ ಇತ್ತು. ಆದರೆ ಕೈ ಕೋಟಿನ ಒಂದೇ ಗುಂಡಿಯನ್ನು ತೆಗೆದು ಹಾಕಿ ಮಾಡುತ್ತಿತ್ತು.

ಠಾಣೆಯಲ್ಲಿ ಬಾಬುಮಿಯಾ ಕಾಯುತ್ತಿದ್ದ. ಚಿಂಚೋಳಿಯಲ್ಲಿ ವರನ ಮನೆಯವರು ಜಹಾಂಗೀರ ಬಂದದ್ದು ನಿಜ ಎಂದಿದ್ದರು. ಸೇಡಂನಲ್ಲಿ ಮಾತ್ರ ಅವನನ್ನು ಕಂಡವರು ಸಿಗಲಿಲ್ಲ. "ಸಾಹೇಬ್ರ, ಇನ್ನೊಂದು ಅದರಿ" ಎಂದು ಬಾಬುಮಿಯಾ ಹೇಳಿದ. "ಕಲ್ಲಿನ ಖಣಿಯಾಗ ಕೆಲಸ ಮಾಡೋ ಸಾಬಮ್ಮ ಬಂದಾಳ. ಏನೋ ನೋಡ್ಯಾಳಂತ."

ಸಾಬಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಬಳಕೆಯಲ್ಲಿಲ್ಲದ ಹಳೆಯ ಖಣಿಯೊಂದು ಊರ ಹೊರಗಿತ್ತು. ಕಲ್ಲು ತೆಗೆದ ಗುಂಡಿಯಲ್ಲಿ ನೀರು ನಿಂತು ಮೇಲೆಲ್ಲ ಪಾಚಿ ಕಟ್ಟಿತ್ತು. "ಸೋಮವಾರ ಮುಂಜಾನೆ ಕೆಲಸಕ್ಕ ಹೋಗಬೇಕಾದ್ರ ನೋಡಿದ್ನಿರಿ. ದಂಡಿ ಕಡೀಗಿ ಪಾಚಿ ಹರಿದು ನೀರು ಕಾಣ್ಲಿಕತ್ತಿತ್ತು. ಕಲ್ಲು ಬಿದ್ದಿರಬೇಕಂತ ಮಾಡಿದೆ. ಇವತ್ತು ಟ್ರಂಕಿನ ಸುದ್ದಿ ಕೇಳಿ ಹೇಳಬೇಕನಿಸಿತು."

ಬುಧವಾರ ಬೆಳಿಗ್ಗೆ ಕಾಗಿಣಾ ನದಿಯ ದಂಡೆಯಿಂದ ಅಂಬಿಗರ ಅಯ್ಯಪ್ಪನನ್ನು ಕರೆಸಿ ನೀರಿಗೆ ಇಳಿಸಿದರು. ಮೂರನೆಯ ಸಲ ಮುಳುಗಿದಾಗ ಅವನಿಗೆ ಹಿಡಿಕೆ ಸಿಕ್ಕಿತು. ಹಗ್ಗ ಕಟ್ಟಿ ಮೇಲೆಳೆದರು. ಹಸಿರು ಬಣ್ಣದ ಸಣ್ಣ ಟ್ರಂಕು. ಸುದ್ದಿ ಹಬ್ಬಿ ಖಣಿಯ ದಂಡೆಯಲ್ಲಿ ಊರೇ ನಿಂತಿತ್ತು. ಗುರುಲಿಂಗಯ್ಯನವರನ್ನೂ ಕರೆಸಲಾಗಿತ್ತು.

ಮಡಿವಾಳಯ್ಯ ಬಗ್ಗಿ ನೋಡಿದರು. ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಮುಚ್ಚಳಕ್ಕೂ ಹಿಂದಿನ ಕೀಲುಗಳಿಗೂ ಒಂದು ಗೀರೂ ಬಿದ್ದಿರಲಿಲ್ಲ. ಪಂಚರಿಗೆ ಅದನ್ನು ತೋರಿಸಿ, ಪಂಚನಾಮೆಯಲ್ಲಿ ಬರೆಸಿದರು.

"ಗುರುಲಿಂಗಯ್ಯನವರೇ, ಕೀಲಿಕೈ ಕೊಡ್ರಿ."

ಅವರಿಗೆ ಉಡದಾರದ ಗಂಟು ಬಿಚ್ಚಲು ಬರಲಿಲ್ಲ. ಬಾಬುಮಿಯಾ ಬಿಚ್ಚಿಕೊಟ್ಟ. ಕೀಲಿ ತೆರೆಯಿತು. ಒಳಗೆ ಒಡೆದ ಫರಸಿಯ ತುಂಡುಗಳಿದ್ದವು. ಕಾಗದದ ಚೂರೂ ಇರಲಿಲ್ಲ.

ಕೀಲಿ ಮುರಿಯದೆ ಟ್ರಂಕಿನೊಳಗೆ ಕಲ್ಲು ತುಂಬಿ, ಮತ್ತೆ ಕೀಲಿ ಹಾಕಬಲ್ಲವನು ಒಬ್ಬನೇ. ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಮುಂದೆ ನಿಂತಿದ್ದ ಭಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಠಾಣೆಯಲ್ಲಿ ಗುರುಲಿಂಗಯ್ಯ ನೀರು ಕೇಳಿದರು. ಕುಡಿಯದೆ ಲೋಟ ಹಿಡಿದೇ ಕೂತರು.

"ಕಾಗದ ಎಲ್ಲವ?"

"ಇಲ್ರಿ. ಎರಡು ವರ್ಷದಿಂದ ಇಲ್ಲ. ಮಾರೀನಿ."

"ಯಾವಾಗ?"

"ದರ ಪೂರಾ ಬಿದ್ದಾಗ. ಒಂದು ವಾರ ದಿನಾ ಬೀಳ್ಲಿಕತ್ತಿತ್ತು. ಕಂಪನಿ ಮುಚ್ಚತಾರಂತ ಪೇಪರಿನಾಗ ಬಂತು. ಭಾಗಮ್ಮನ ರೊಕ್ಕ, ಜಹಾಂಗೀರನ ರೊಕ್ಕ, ಎಲ್ಲಾ ನನ್ನ ಮಾತಿನ ಮ್ಯಾಲ ಹಾಕಿದ್ದು. ಉಳಿದಷ್ಟರೆ ಉಳೀಲಿ ಅಂತ ದಲ್ಲಾಳಿಗೆ ಕಾಗದ ಕಳಿಸಿ ಮಾರ್ರಿ ಅಂದೆ. ಅಂದು ಮುಂಜಾನೆನೇ ಕಟ್ಟಿಮ್ಯಾಲ ಕುಂತು ಇವರಿಗೆಲ್ಲ ಹೆದರಬ್ಯಾಡ್ರಿ ಅಂದಿದ್ದೆ."

"ರೊಕ್ಕ?"

"ಕಲಬುರಗಿ ಬ್ಯಾಂಕಿನಾಗ ಅದ. ಹಾಕಿದ್ದರ ಅರ್ಧನೂ ಇಲ್ಲ. ಒಂದು ಪೈಸಾ ಮುಟ್ಟಿಲ್ರಿ."

"ಅವಾಗೇ ಹೇಳಬೇಕಿತ್ತು."

"ನಾಳೆ ಹೇಳಬೇಕು ಅಂತಿದ್ದೆ. ಆಮ್ಯಾಲ ದರ ಏರ್ಲಿಕತ್ತಿತು. ನಿಜವಾಗಿ ಗಣಿ ಮುಳುಗಿದ್ರ ನನಗ ಮಾತಿತ್ತು. ಮುಳುಗಲಿಲ್ಲ. ನಾನು ಹೇಳಿದ್ದೇ ಖರೆ ಆತು, ನನ್ನ ಹತ್ರನೇ ಶೇರು ಇದ್ದಿಲ್ಲ. ದರ ಏರಿದ್ದು ಓದಿದ ದಿನ ಮಂದಿ ನಗ್ತಾ ಮನಿಗಿ ಹೋಗೋರು. ಅವರ ಮಾರಿ ನೋಡಿ ಹೇಳ್ಲಿಕ್ಕ ಆಗಲಿಲ್ರಿ."

ಅವರ ಹೇಳಿಕೆಯಂತೆ, ಸೋಮವಾರ ಬೆಳಕು ಹರಿಯುವ ಮುಂಚೆ ಬರಿ ಟ್ರಂಕು ಹೊತ್ತು ಖಣಿಗೆ ಹೋಗಿ, ಅಲ್ಲಿ ಕಲ್ಲು ತುಂಬಿ, ಕೀಲಿ ಹಾಕಿ ನೀರಿಗೆ ನೂಕಿದ್ದರು. ಚಿಲಕ ಬಗ್ಗಿಸಿದ್ದೂ ಅವರೇ. ಕಳುವಾಯಿತೆಂದರೆ ಊರು ಅತ್ತು ಮರೆಯುತ್ತದೆ ಎಂದುಕೊಂಡಿದ್ದರಂತೆ. ಜಹಾಂಗೀರನ ಹೆಸರು ಬರುತ್ತದೆ ಎಂದು ಗೊತ್ತಿರಲಿಲ್ಲ ಎಂದರು. "ಬಂದ ಮ್ಯಾಲ?" ಎಂದು ಮಡಿವಾಳಯ್ಯ ಕೇಳಿದರು. ಅವರು ಹಿಡಿದಿದ್ದ ಲೋಟವನ್ನು ಕೆಳಗಿಟ್ಟರು.

ನಂಬಿಕೆ ದ್ರೋಹ ಮತ್ತು ಸುಳ್ಳು ದೂರಿನ ಆರೋಪದ ಮೇಲೆ ಅಂದು ಮಧ್ಯಾಹ್ನವೇ ಅವರನ್ನು ದಸ್ತಗಿರಿ ಮಾಡಲಾಯಿತು. ಜಹಾಂಗೀರನನ್ನು ಬಿಟ್ಟರು. ಅವನ ಮೇಲೆ ಯಾವ ಆರೋಪವೂ ಇಲ್ಲವೆಂದು ಲೋಕೋ ಶೆಡ್ಡಿಗೆ ಮಡಿವಾಳಯ್ಯ ತಾವೇ ಹೋಗಿ ಹೇಳಿದರು. ಹೊರಗೆ ಹೋಗುವ ಮುಂಚೆ ಜಹಾಂಗೀರ ಗುರುಲಿಂಗಯ್ಯನವರ ಮುಂದೆ ನಿಂತ. "ಅಪ್ಪಾವರ, ನಾನು ಆ ಕ್ವಾಣಿಯಾಗ ಎರಡು ದಿನ ಕುಂತಿದ್ದೆ. ನಿಮ್ಮ ಮನಿ ಎದುರೇ ಅದ ಠಾಣಾ" ಎಂದ. ಇನ್ನೂ ಏನೋ ಹೇಳುವವನಿದ್ದ. ಜಾನಬಿ ತೋಳು ಹಿಡಿದು ಕರೆದುಕೊಂಡು ಹೋದಳು.

ಭಾಗಮ್ಮ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು. "ಲುಕ್ಸಾನ ಆಗ್ಯದ ಅಂತ ಅವತ್ತೇ ಹೇಳಿದ್ರ ನಾವೇನು ಮಾಡ್ತಿದ್ದೆವ್ರಿ? ಒಂದು ತಿಂಗಳು ಬೈತಿದ್ದೆವು. ಆಮ್ಯಾಲ ಎಂದಿನಂಗ ನಿಮ್ಮ ಕಟ್ಟಿಗೇ ಬಂದು ಕುಂದರ್ತಿದ್ದೆವು." ಗುರುಲಿಂಗಯ್ಯ ಆಗ ಅತ್ತರು. ಮೂರು ದಿನದಲ್ಲಿ ಅವರು ಅತ್ತದ್ದು ಅದೊಂದೇ ಸಲ.

ಮರುದಿನ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಚಿತ್ತಾಪುರದ ಗಾಡಿ ಹತ್ತಿಸಿದರು. ಬೇಡಿ ಹಾಕಿರಲಿಲ್ಲ. ಮಹಾದೇವಮ್ಮ ಬುತ್ತಿ ಕಟ್ಟಿ ತಂದುಕೊಟ್ಟು, ಗಂಡನ ಕಡೆ ನೋಡದೆ ಮಡಿವಾಳಯ್ಯನವರಿಗೆ ಹೇಳಿದರು. "ಎರಡು ವರ್ಷಾತ್ರಿ ಇವರು ಮಲಗಿಲ್ಲ. ನಿನ್ನೆ ನಿಮ್ಮ ಠಾಣೆದಾಗ ಮಲಗ್ಯಾರಂತ ಜಮಾದಾರ ಹೇಳಿದ. ಹೌದೇನ್ರಿ?" ಹೌದು ಎಂದರು ಮಡಿವಾಳಯ್ಯ.

ಗಾಡಿ ಹೊರಟಿತು. ಎದುರು ಬೆಂಚಿನಲ್ಲಿ ಕೂತ ಆ ಮನುಷ್ಯನಲ್ಲಿ ಕಳ್ಳನ ಲಕ್ಷಣ ಮಡಿವಾಳಯ್ಯನವರಿಗೆ ಕಾಣಲಿಲ್ಲ. ಹಣದ ಆಸೆ ಇರಲಿಲ್ಲ, ಯಾರ ಮೇಲೂ ಹಗೆ ಇರಲಿಲ್ಲ. ತಾನೂ ಎಲ್ಲರಂತೆ ಹೆದರಿದೆ ಎಂದು ಹತ್ತು ಜನರ ಮುಂದೆ ಒಪ್ಪಿಕೊಳ್ಳಲಾರದೆ ಹೋದವರು. ಆದರೂ ಒಂದು ಪ್ರಶ್ನೆ ಉಳಿದಿತ್ತು.

"ಖಣಿಯಾಗ ಟ್ರಂಕು ಸಿಗದಿದ್ರ, ಜಹಾಂಗೀರಗ ಸಜಾ ಆಗಿದ್ರ, ಅವಾಗರೆ ಹೇಳ್ತಿದ್ರೇನು?"

ಗುರುಲಿಂಗಯ್ಯ ಕಿಟಕಿಯ ಹೊರಗೆ ನೋಡಿದರು.

"ಹೇಳ್ತಿದ್ದೆ ಅಂತ ಈಗ ಅನ್ನಲಿಕ್ಕ ಸುಲಭ ಅದರಿ" ಎಂದರು. "ನನಗ ಗೊತ್ತಿಲ್ಲ."

ಚಿತ್ತಾಪುರ ಬಂತು. ಯಾರೂ ಹೇಳುವ ಮುಂಚೆ ಅವರೇ ಎದ್ದು ಬಾಗಿಲ ಕಡೆ ನಡೆದರು.